ಸೋದರಮಾವನ ಪ್ರೊಸೆಸರ್

ಕಂಪ್ಯೂಟರಿನ ವಿಷಯದಲ್ಲಿ ನನಗೆ ಗೊತ್ತಿರುವುದು ಒಟ್ಟು ಒಂದೇ ಒಂದು ವಾಕ್ಯ. ಅದೂ ನನ್ನ ಸ್ವಂತದ್ದಲ್ಲ, ಮೆಟ್ರೋದಲ್ಲಿ ಸಿಕ್ಕಿದ್ದು.

ಹೊಸ ಟೈಲ್ಸ್ ಬಂದಿವೆಯೆಂದು ನೋಡಲು ಪೀಣ್ಯಕ್ಕೆ ಹೊರಟಿದ್ದೆ. ಯಶವಂತಪುರದಲ್ಲಿ ಹತ್ತಿದ ಇಬ್ಬರು ಕಾಲೇಜು ಹುಡುಗರು ನನ್ನ ನೆತ್ತಿಯ ಮೇಲಿನ ಹಿಡಿಕೆಗೆ ಜೋತುಬಿದ್ದು ಲ್ಯಾಪ್‌ಟಾಪಿನ ವಿಷಯಕ್ಕೆ ಜಗಳ ತೆಗೆದರು. ಒಬ್ಬ ತನ್ನದು ದೊಡ್ಡ ಪ್ರೊಸೆಸರ್ ಎಂದ. ಇನ್ನೊಬ್ಬ ಅದರಪ್ಪನಂಥದ್ದು ಬಂದಿದೆ ಎಂದ. ಗೊರಗುಂಟೆಪಾಳ್ಯದವರೆಗೂ ಹೀಗೇ ನಡೆದು, ಕೊನೆಗೆ ಮೊದಲನೆಯವನು ತಣ್ಣಗೆ ಹೇಳಿದ: "ಪ್ರೊಸೆಸರ್ ಎಷ್ಟೇ ದೊಡ್ಡದಿರ್ಲಿ ಮಗಾ, ಉಸಿರಾಡೋಕೆ ಜಾಗ ಇಲ್ದಿದ್ರೆ ವೇಸ್ಟು." ಇನ್ನೊಬ್ಬನ ಬಾಯಿ ಮುಚ್ಚಿಹೋಯಿತು. ಒಂದೇ ಮಾತಿಗೆ ಎದುರಿನವರ ಬಾಯಿ ಮುಚ್ಚಿಸುವ ವಿದ್ಯೆ ನನಗೆ ಮನೆಯಲ್ಲಾಗಲಿ ಅಂಗಡಿಯಲ್ಲಾಗಲಿ ಈವರೆಗೆ ಒಲಿದಿರಲಿಲ್ಲ. ಪೀಣ್ಯ ಬರುವಷ್ಟರಲ್ಲಿ ವಾಕ್ಯವನ್ನು ಬಾಯಿಪಾಠ ಮಾಡಿಕೊಂಡೆ.

ನನ್ನ ಹೆಸರು ನಂದಕುಮಾರ್. ಯಲಹಂಕ ಓಲ್ಡ್ ಟೌನಿನಲ್ಲಿ ಟೈಲ್ಸ್, ನಲ್ಲಿ, ಕಮೋಡುಗಳ ಅಂಗಡಿ ಇಟ್ಟುಕೊಂಡಿದ್ದೇನೆ. ಊರಿನಲ್ಲಿ ನನಗೆ ಸ್ವಲ್ಪ ಹೆಸರಿದೆ. ಇದೆ ಎಂದರೆ, ನಾನೇ ಬರೆಸಿದ್ದೇನೆ. ಬಸ್ ಸ್ಟಾಪಿನ ಕಲ್ಲುಬೆಂಚಿನ ಮೇಲೆ, ಶಾಲೆಯ ನೀರಿನ ತೊಟ್ಟಿಯ ಮೇಲೆ, ನೆಂಟರ ಮದುವೆಗಳಲ್ಲಿ ಕೊಟ್ಟ ಪ್ರತಿಯೊಂದು ಸ್ಟೀಲ್ ಪಾತ್ರೆಯ ಕಂಠದ ಮೇಲೆ 'ನಂದಕುಮಾರ್ ಇವರ ಕೊಡುಗೆ' ಎಂದಿರುತ್ತದೆ. ಮಾರಮ್ಮನ ಗುಡಿಗೆ ಕೊಟ್ಟ ಗೋಡೆ ಗಡಿಯಾರದಲ್ಲಂತೂ ಹೆಸರು, ಅಂಗಡಿಯ ವಿಳಾಸ, ಫೋನ್ ನಂಬರು ಎಲ್ಲ ಸೇರಿ ನಾಲ್ಕರಿಂದ ಎಂಟರವರೆಗಿನ ಅಂಕಿಗಳು ಮುಚ್ಚಿಹೋಗಿವೆ. ಪೂಜಾರಿಗಳು ಸಂಜೆಯ ಮಂಗಳಾರತಿಯನ್ನು ಅಂದಾಜಿನ ಮೇಲೆ ಮಾಡುತ್ತಾರೆ.

ಮೆಟ್ರೋದ ವಾಕ್ಯ ಮೊದಲ ಸಲ ಪ್ರಯೋಗಕ್ಕೆ ಬಂದದ್ದು ನಾಗೇಶನ ಗೃಹಪ್ರವೇಶದಲ್ಲಿ. ನಾಗೇಶ ನನ್ನ ಅಕ್ಕ ನೀಲಕ್ಕನ ಮೈದುನ. ಬಿಲ್ಡರ್. ಅವನ ಅಣ್ಣ, ಅಂದರೆ ನಮ್ಮ ಭಾವ ನರಸಿಂಹಯ್ಯನವರು, ಆಡದೆ ಉಳಿಸಿದ ಮಾತನ್ನೆಲ್ಲ ಇವನೇ ಆಡಿ ಮುಗಿಸುತ್ತಾನೆ. ಅಂದು ಊಟದ ಪಂಕ್ತಿಯ ನಡುವೆ ನಿಂತು, ಅಣ್ಣನ ಮಗಳು ರಮ್ಯಳಿಗೆ ಮಾರ್ಕೆಟ್ಟಿನಲ್ಲಿರುವುದರಲ್ಲೇ ದೊಡ್ಡ ಪ್ರೊಸೆಸರಿನ ಲ್ಯಾಪ್‌ಟಾಪನ್ನು ತಾನೇ ಕೊಡಿಸುವುದಾಗಿ ಎಲ್ಲರಿಗೂ ಕೇಳುವಂತೆ ಸಾರಿದ. ನನ್ನ ಬಾಯಲ್ಲಿದ್ದ ಒಬ್ಬಟ್ಟು ಅಲ್ಲೇ ನಿಂತಿತು. ನಮ್ಮಲ್ಲಿ ಹೆಣ್ಣುಮಗುವಿಗೆ ಕಿವಿ ಚುಚ್ಚಿಸುವುದು ಸೋದರಮಾವನ ತೊಡೆಯ ಮೇಲೆ. ಮದುವೆಯಲ್ಲಿ ಹಸೆಮಣೆಗೆ ಕರೆತರುವುದೂ ಸೋದರಮಾವನೇ. ರಮ್ಯ ಕಿವಿ ಚುಚ್ಚಿಸಿಕೊಂಡಾಗ ಹೆದರಿ ಒದ್ದೆ ಮಾಡಿದ್ದು ನನ್ನ ರೇಷ್ಮೆ ಪಂಚೆಯನ್ನು, ನಾಗೇಶನ ಪ್ಯಾಂಟನ್ನಲ್ಲ. ಇಂಥ ನಾನು ಗುಂಡುಕಲ್ಲಿನ ಹಾಗೆ ಕೂತಿರುವಾಗ ಚಿಕ್ಕಪ್ಪ ಕೊಡಿಸುವುದೆಂದರೆ ಏನರ್ಥ?

"ನಾಗೇಶಪ್ಪ," ಎಂದೆ, ಎಲೆಯಿಂದ ತಲೆ ಎತ್ತದೆ. "ಪ್ರೊಸೆಸರ್ ಎಷ್ಟೇ ದೊಡ್ಡದಿರ್ಲಿ, ಉಸಿರಾಡೋಕೆ ಜಾಗ ಇಲ್ದಿದ್ರೆ ವೇಸ್ಟು."

ಸಾರು ಬಡಿಸುತ್ತಿದ್ದವನ ಸೌಟು ಗಾಳಿಯಲ್ಲಿ ನಿಂತಿತು. ನಾಗೇಶ ಏನೋ ಹೇಳಲು ಹೋಗಿ ಬಿಟ್ಟ. ರಮ್ಯ ಮಾತ್ರ ಎದುರು ಪಂಕ್ತಿಯಿಂದ, "ಕರೆಕ್ಟ್ ಮಾವ, ಇದನ್ನೇ ನಾನು ಎಲ್ರಿಗೂ ಹೇಳ್ತಾ ಇರೋದು. ಯಾರಿಗೂ ಅರ್ಥಾನೇ ಆಗಲ್ಲ," ಎಂದು ಕಣ್ಣರಳಿಸಿದಳು. ಪಾಯಸ ಬರುವಷ್ಟರಲ್ಲಿ ಪಂಕ್ತಿಯ ಆ ತುದಿಗೆ ನಾನು ಕಂಪ್ಯೂಟರ್ ಓದಿಕೊಂಡವನೆಂಬ ಸುದ್ದಿ ಮುಟ್ಟಿತ್ತು. ಮಜ್ಜಿಗೆಯ ಹೊತ್ತಿಗೆ ನೀಲಕ್ಕ ಬಂದು, "ನಂದ, ನೀನೇ ನಿಂತು ನೋಡಿ ಕೊಡ್ಸಪ್ಪ. ನಮಗ್ಯಾರಿಗೆ ತಿಳಿಯುತ್ತೆ," ಎಂದಳು. ನಾನು ಗಂಭೀರವಾಗಿ ತಲೆಯಾಡಿಸಿದೆ. ಪ್ರೊಸೆಸರ್ ಎಂಬುದು ಲ್ಯಾಪ್‌ಟಾಪಿನ ಒಳಗಿರುತ್ತದೋ ಹೊರಗಿರುತ್ತದೋ ಎಂಬುದು ನನಗೆ ಆಗ ಇನ್ನೂ ಖಚಿತವಾಗಿರಲಿಲ್ಲ.

ವಿಷಯ ಆಟದ್ದಾಗಿರಲಿಲ್ಲ. ರಮ್ಯ ಅನಿಮೇಷನ್ ಓದಿ ಮುಗಿಸಿದ್ದಳು. ಹೆಬ್ಬಾಳದ ಒಂದು ಸ್ಟುಡಿಯೋದವರು ಅವಳಿಗೊಂದು ಪರೀಕ್ಷೆ ಕೊಟ್ಟಿದ್ದರು. ಕೆರೆಗೆ ಒಂದು ಹೆಜ್ಜಾರ್ಲೆ, ಆ ಚೀಲದಂಥ ಕೊಕ್ಕಿನ ದೊಡ್ಡ ಹಕ್ಕಿ, ಹಾರಿಬರಬೇಕು, ಇಳಿಯಬೇಕು, ರೆಕ್ಕೆ ಒದರಬೇಕು. ಒಂದು ನಿಮಿಷದ ಚಿತ್ರ. ಮುಂದಿನ ವಾರದ ಸೋಮವಾರ ಮಧ್ಯಾಹ್ನದೊಳಗೆ ಕಳುಹಿಸಿ, ಅವರು ಮೆಚ್ಚಿದರೆ ಕೆಲಸ. ಆದರೆ ಹಕ್ಕಿ ರೆಕ್ಕೆ ಒದರಿದಾಗ ಸಿಡಿಯುವ ಒಂದೊಂದು ಹನಿಯೂ ಎತ್ತ ಹಾರುತ್ತದೆ, ಎಲ್ಲಿ ಬೀಳುತ್ತದೆ ಎಂಬುದನ್ನೆಲ್ಲ ಲ್ಯಾಪ್‌ಟಾಪೇ ಲೆಕ್ಕ ಹಾಕಬೇಕಂತೆ. ಅವಳ ಹಳೆಯದು ನಾಲ್ಕು ಹನಿ ಲೆಕ್ಕ ಹಾಕಿ ಮಲಗಿಬಿಡುತ್ತಿತ್ತು.

ಕೆಲಸ ಸಿಗದಿದ್ದರೆ ಏನೆಂಬುದನ್ನು ಆಗ ನೀಲಕ್ಕನ ಮನೆಯಲ್ಲಿದ್ದ ನಮ್ಮ ಅಮ್ಮ ಸೊಣ್ಣಮ್ಮ ಆಗಲೇ ತೀರ್ಮಾನಿಸಿದ್ದಳು. ಚಿಕ್ಕಜಾಲದ ಕಡೆಯದೊಂದು ಸಂಬಂಧ ಅವಳ ಕೈಯಲ್ಲಿತ್ತು. ಏರ್‌ಪೋರ್ಟ್ ರಸ್ತೆಗೆ ತಾಗಿದ ಜಮೀನು. ಜಮೀನನ್ನು ಹೋಗಿ ನೋಡಿಕೊಂಡು ಬಂದು ಒಪ್ಪಿಯೂ ಆಗಿತ್ತು. ಹುಡುಗನನ್ನು ನೋಡುವುದು ಬಾಕಿ ಇತ್ತು. ರಮ್ಯ ಹಟ ಮಾಡಿ ಸೋಮವಾರದವರೆಗೆ ವಾಯಿದೆ ಪಡೆದಿದ್ದಳು. ಸ್ಟುಡಿಯೋದವರು ಬೇಡವೆಂದರೆ ಆಮೇಲಿನ ಬುಧವಾರ ಗಂಡಿನವರು ಹೆಣ್ಣು ನೋಡಲು ಬರುವುದೆಂದು ಮಾತಾಗಿತ್ತು. ಅಂತೂ ಆ ಹುಡುಗಿಯ ಬದುಕು ನನ್ನ ಒಂದು ವಾಕ್ಯದ ಮೇಲೆ ನಿಂತಿತ್ತು.

ಆ ವಾರ ಅಂಗಡಿಗೆ ಟೈಲ್ಸ್ ಕೇಳುವವರಿಗಿಂತ ಸಲಹೆ ಕೇಳುವವರೇ ಹೆಚ್ಚು ಬಂದರು. ಪಕ್ಕದ ಬೀದಿಯವರು ಯಾವ ವಾಷಿಂಗ್ ಮಷೀನು ಕೊಳ್ಳಲಿ ಎಂದು ಕೇಳಿದರು. ಎಷ್ಟೇ ದೊಡ್ಡದಿರಲಿ, ಉಸಿರಾಡಲು ಜಾಗ ಇರಬೇಕು ಎಂದೆ. ಅವರು ಮನೆಗೆ ಹೋಗಿ ಗೋಡೆಗೆ ಒತ್ತಿಟ್ಟಿದ್ದ ಹಳೆಯ ಮಷೀನನ್ನೇ ಒಂದು ಗೇಣು ಮುಂದೆ ಎಳೆದರಂತೆ, ಅದು ಸರಿಹೋಯಿತಂತೆ. ಮನೆ ಕಟ್ಟಿಸುತ್ತಿದ್ದ ಮೇಷ್ಟ್ರೊಬ್ಬರಿಗೆ ಅದೇ ಮಾತು ಹೇಳಿದೆ. ಅವರು ಪಕ್ಕದವರ ಕಡೆಗೆ ಮೂರಡಿ ಬಿಟ್ಟು ಪಾಯ ಗುರುತು ಹಾಕಿಸಿ, ಹತ್ತು ವರ್ಷದ ವ್ಯಾಜ್ಯ ಮುಗಿಸಿಕೊಂಡರು. ಸೊಸೆಯ ಮೇಲೆ ದೂರು ಹೇಳಲು ಬಂದ ಹೆಂಗಸೊಬ್ಬಳಿಗೂ ಬೇರೆ ಏನೂ ತೋಚದೆ, "ಮನೆ ಎಷ್ಟೇ ದೊಡ್ಡದಿರ್ಲಿ ತಾಯಿ, ಉಸಿರಾಡೋಕೆ ಜಾಗ ಇಲ್ದಿದ್ರೆ ವೇಸ್ಟು," ಎಂದುಬಿಟ್ಟೆ. ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡು ಹೋಗಿ ಬೀರುವಿನ ಕೀಲಿಯನ್ನು ಸೊಸೆಯ ಕೈಗೆ ಕೊಟ್ಟಳಂತೆ. ಇಷ್ಟೆಲ್ಲ ಆದ ಮೇಲೆ ಎಂಥವನಿಗೂ ತಾನು ಬುದ್ಧಿವಂತನೆಂಬ ಅನುಮಾನ ಬರುತ್ತದೆ. ನನಗೆ ಅನುಮಾನವೂ ಉಳಿಯಲಿಲ್ಲ.

ಬುಧವಾರ ನಾವೆಲ್ಲ ಆರ್.ಟಿ. ನಗರದ ರಿಯಾಜ್ ಅವರ ಅಂಗಡಿಗೆ ಹೋದೆವು. ರಮ್ಯಳ ಸ್ನೇಹಿತರೆಲ್ಲ ಅಲ್ಲೇ ಕೊಳ್ಳುವುದು. ನಾನು, ನೀಲಕ್ಕ, ರಮ್ಯ ಹೊರಟಾಗ ಅಮ್ಮ ತಾನೂ ಬರುವೆನೆಂದು ಹಟ ಹಿಡಿದಳು. ನಾಗೇಶ ಸುಮ್ಮನೆ ನೋಡಿಕೊಂಡು ಹೋಗಲು ತನ್ನ ಕಾರಿನಲ್ಲಿ ಹಿಂದೆಯೇ ಬಂದ. ರಿಯಾಜ್ ಅವರು ಎಲ್ಲರಿಗೂ ಟೀ ತರಿಸಿ, ಪ್ರೊಸೆಸರುಗಳಲ್ಲಿ ಮೂರು, ಐದು, ಏಳು, ಒಂಬತ್ತು ಎಂಬ ನಂಬರುಗಳಿರುತ್ತವೆ, ನಂಬರು ಏರಿದಂತೆ ಶಕ್ತಿಯೂ ಏರುತ್ತದೆ ಎಂದು ತಾಳ್ಮೆಯಿಂದ ವಿವರಿಸಿದರು. ಮುಯ್ಯಿ ಹಾಕುವಾಗ ನಾವು ನೂರಾ ಒಂದು, ಐನೂರ ಒಂದು ಎಂದು ಬೆಸಸಂಖ್ಯೆಯನ್ನೇ ಕೊಡುವವರು. ಅಮ್ಮನಿಗೆ ತುಂಬ ಸಮಾಧಾನವಾಯಿತು. "ಎಲ್ಲಾ ಮುಯ್ಯಿ ಲೆಕ್ಕವೇ ಕಣ್ಲಾ. ಇದ್ನ ಮಾಡ್ದೋರು ನಮ್ ಕಡೇವ್ರೇ ಇರ್ಬೇಕು," ಎಂದಳು.

ನಾಗೇಶ ಒಂಬತ್ತು ಎಂದ. ಅವನು ಎಲ್ಲಿ ಹೋದರೂ ಕಡೆಯ ನಂಬರನ್ನೇ ಹೇಳುವುದು. ಒಂಬತ್ತರದು ತೆಳ್ಳಗೆ, ಬೆಳ್ಳಗೆ, ಸಿನಿಮಾ ನಟನ ಹಾಗಿತ್ತು. ರಮ್ಯ ಕೈಯಿಟ್ಟದ್ದು ಏಳರದೊಂದಕ್ಕೆ. ಅದು ಕಪ್ಪಗೆ, ದಪ್ಪಗೆ, ಒಳ್ಳೆ ಕಲ್ಲುಚಪ್ಪಡಿಯ ಹಾಗಿತ್ತು.

"ಒಂಬತ್ತು ಬೇಕಾದ್ರೂ ಕೊಡ್ತೀನಿ ಸಾರ್," ಎಂದರು ರಿಯಾಜ್. "ಆದ್ರೆ ಈ ಮೇಡಂ ಕೆಲಸ ಗಂಟೆಗಟ್ಟಲೆ ಓಡೋದು. ಈ ತೆಳ್ಳಗಿರೋದು ಬೇಗ ಬಿಸಿ ಆಗತ್ತೆ. ಬಿಸಿ ಆದ್ರೆ ಪ್ರೊಸೆಸರ್ ತಾನಾಗೇ ನಿಧಾನ ಮಾಡ್ಕೊಳತ್ತೆ. ಆಮೇಲೆ ಒಂಬತ್ತೂ ಒಂದೇ, ಮೂರೂ ಒಂದೇ."

ಎಲ್ಲರೂ ನನ್ನ ಕಡೆ ನೋಡಿದರು. ನಾನು ಟೀ ಲೋಟ ಕೆಳಗಿಟ್ಟೆ. ಎರಡೂ ಲ್ಯಾಪ್‌ಟಾಪುಗಳನ್ನು ಗೆಣ್ಣಿನಿಂದ ತಟ್ಟಿ ಶಬ್ದ ಕೇಳಿದೆ. ಟೈಲ್ಸಿನಲ್ಲಿ ಬಿರುಕಿದ್ದರೆ ಹಾಗೆಯೇ ಗೊತ್ತಾಗುವುದು. ಆಮೇಲೆ ನನ್ನ ವಾಕ್ಯವನ್ನು ನಿಧಾನವಾಗಿ, ಎಲ್ಲರ ಮುಖ ನೋಡುತ್ತ ಹೇಳಿದೆ. ರಿಯಾಜ್ ಅವರು ಕುರ್ಚಿಯಿಂದ ಎದ್ದು ನನ್ನ ಕೈಕುಲುಕಿದರು. ಇಷ್ಟು ವರ್ಷದಲ್ಲಿ ಇಷ್ಟು ತಿಳಿದ ಗಿರಾಕಿಯನ್ನು ತಾವು ಕಂಡಿಲ್ಲವೆಂದರು. ನಾಗೇಶ ಹೊರಗೆ ಹೋಗಿ ಯಾರಿಗೋ ಫೋನು ಮಾಡುವವನಂತೆ ನಿಂತ. ಏಳರದನ್ನೇ ಕೊಂಡೆವು.

ಪ್ಯಾಕು ಮಾಡುವಾಗ ರಿಯಾಜ್ ಅವರು, "ಒಂದೇ ಒಂದು ಮಾತು ಸಾರ್, ಇದರ ಕೆಳಗಡೆ ಇದೆಯಲ್ಲ," ಎಂದು ಏನೋ ಹೇಳಲು ಬಂದರು. ಇಷ್ಟು ತಿಳಿದ ಗಿರಾಕಿಗೆ ಅಂಗಡಿಯವರು ಹೇಳಿಕೊಡುವುದೆಂದರೇನು? ಗೊತ್ತು, ಗೊತ್ತು ಎಂದು ಕೈಯಾಡಿಸಿ ಪೆಟ್ಟಿಗೆಯನ್ನು ಕಂಕುಳಿಗಿಟ್ಟುಕೊಂಡೆ.

ಮಾರಮ್ಮನ ಗುಡಿಯಲ್ಲಿ ಪೂಜೆ ಮಾಡಿಸಿ ಗುರುವಾರ ಬೆಳಿಗ್ಗೆ ಕೊಡುತ್ತೇನೆಂದು ರಮ್ಯಳಿಗೆ ಹೇಳಿದೆ. ಅವಳಿಗೆ ನನ್ನ ಚಾಳಿ ಗೊತ್ತು. "ಮಾವ, ಹೆಸರು ಗಿಸರು ಏನೂ ಹಾಕಿಸ್ಬೇಡಿ ಪ್ಲೀಸ್. ಸ್ಟುಡಿಯೋಗೆ ತಗೊಂಡ್ ಹೋಗ್ಬೇಕು," ಎಂದು ಕೈಮುಗಿದಳು. ಮೇಲೆ ಎಲ್ಲೂ ಹಾಕಿಸುವುದಿಲ್ಲವೆಂದು ಮಾತು ಕೊಟ್ಟೆ. ಕೊಟ್ಟ ಮಾತಿಗೆ ತಪ್ಪಿದವನಲ್ಲ ನಾನು. ಮೇಲೆ ಎಲ್ಲೂ ಹಾಕಿಸಲಿಲ್ಲ.

ನಮ್ಮ ಪಕ್ಕದ ಅಂಗಡಿಯ ಚನ್ನಕೇಶವ ಮನೆಗಳಿಗೆ ಸ್ಟೀಲಿನ ನಾಮಫಲಕ ಮಾಡುತ್ತಾನೆ. ನಾನು ಹೇಳಿದ್ದು ಬರೀ 'ಸೋದರಮಾವನ ಕೊಡುಗೆ' ಎಂದು, ಬೆಂಕಿಪೊಟ್ಟಣದಷ್ಟು ಅಗಲಕ್ಕೆ. ಆದರೆ ಯಾವ ಸೋದರಮಾವ ಎಂದು ಜನ ಕೇಳುವುದಿಲ್ಲವೇ ಎಂದು ಅವನೇ ಅನುಮಾನ ಎತ್ತಿದ. ಹೆಸರು ಸೇರಿತು. ಹೆಸರಿನ ಮೊದಲು ಶ್ರೀ ಇಲ್ಲದಿದ್ದರೆ ಬೋಳು ಕಾಣುತ್ತದೆಂದು ಅದೂ ಸೇರಿತು. ಹೇಗೂ ಸ್ಟುಡಿಯೋಗೆ ಹೋಗುವ ವಸ್ತು, ಅಲ್ಲಿಯವರೂ ಮನೆ ಕಟ್ಟಿಸುವವರೇ ಎಂದು ಅಂಗಡಿಯೂ ಫೋನ್ ನಂಬರೂ ಸೇರಿದವು. ಅಕ್ಷರ ಚಿಕ್ಕದಾಗಬಾರದೆಂದು ಫಲಕ ಬೆಳೆಯುತ್ತ ಬೆಳೆಯುತ್ತ ಒಂದು ಒಬ್ಬಟ್ಟಿನಷ್ಟು ಅಗಲವಾಯಿತು.

ಅದನ್ನು ಅಂಟಿಸಲು ಲ್ಯಾಪ್‌ಟಾಪನ್ನು ಮಗುಚಿ ನೋಡಿದೆ. ಆ ಕಂಪನಿಯವರ ಮೇಲೆ ನನಗೆ ಗೌರವ ಬಂದದ್ದು ಆಗ. ತಳಭಾಗದ ಸರಿಯಾಗಿ ನಡುವೆ, ಒಬ್ಬಟ್ಟಿನಷ್ಟೇ ಅಗಲಕ್ಕೆ, ಸಾಲು ಸಾಲಾಗಿ ಸಣ್ಣ ಸೀಳುಗಳನ್ನು ಬಿಟ್ಟಿದ್ದರು. ಟೈಲ್ಸಿನ ಹಿಂಬದಿ ನೋಡಿದವರಿಗೆ ಗೊತ್ತಿರುತ್ತದೆ. ಸಿಮೆಂಟು ಕಚ್ಚಿಕೊಳ್ಳಲೆಂದೇ ಅಲ್ಲಿ ಗೀರುಗಳಿರುತ್ತವೆ. ನುಣುಪಾಗಿದ್ದರೆ ಅಂಟು ನಿಲ್ಲುವುದಿಲ್ಲ. ಮೂವತ್ತು ವರ್ಷ ಟೈಲ್ಸ್ ಮಾರಿದ ಕಣ್ಣಿಗೆ ಅದು ಏತಕ್ಕೆ ಬಿಟ್ಟ ಜಾಗವೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಕೊಡುಗೆ ಕೊಡುವವರ ಕಷ್ಟ ತಿಳಿದ ಕಂಪನಿ ಎಂದುಕೊಂಡೆ. ಗ್ರಾನೈಟಿಗೆ ಹಾಕುವ ಅಂಟನ್ನು ಕಲಸಿದೆ. ಭೂಮಿ ನಡುಗಿದರೂ ಬಿಡುವುದಿಲ್ಲವೆಂದು ಗಿರಾಕಿಗಳಿಗೆ ನಾನೇ ಹೇಳುವ ಅಂಟು ಅದು. ಸೀಳುಗಳ ಒಳಗೂ ಇಳಿಯುವಂತೆ ಕರಣೆಯ ತುದಿಯಲ್ಲಿ ತುಂಬಿ, ಫಲಕ ಇಟ್ಟು, ಮೇಲೊಂದು ಕಮೋಡಿನ ಮುಚ್ಚಳದ ಭಾರ ಹೇರಿದೆ.

ಬೆಳಿಗ್ಗೆ ಲ್ಯಾಪ್‌ಟಾಪನ್ನು ತಟ್ಟೆಯಲ್ಲಿಟ್ಟು, ಎಲೆ ಅಡಿಕೆ, ಹೂವು, ಅರಿಶಿನ ಕುಂಕುಮದ ಸಮೇತ ನೀಲಕ್ಕನ ಮನೆಗೆ ಒಯ್ದೆ. ಕೆಳಗಿನ ಫಲಕವನ್ನು ಕೆಲಸ ಸಿಕ್ಕ ದಿನ ಎಲ್ಲರೆದುರು ಮಗುಚಿ ತೋರಿಸಬೇಕೆಂದು ನನ್ನ ಆಸೆ. ಅಮ್ಮ ಹೇಳಿದಂತೆ ನಾನೇ ಪೂರ್ವಕ್ಕೆ ಮುಖ ಮಾಡಿಸಿ ಮೇಜಿನ ಮೇಲಿಟ್ಟೆ. ಅಮ್ಮ ಅದಕ್ಕೆ ಕೈಮುಗಿದು, ಕೆಲಸ ಮುಗಿಯುವ ತನಕ ಇಟ್ಟ ಜಾಗದಿಂದ ಕದಲಿಸಕೂಡದೆಂದು ಕಟ್ಟಪ್ಪಣೆ ಮಾಡಿದಳು. ಕಲಶವನ್ನು ಯಾರಾದರೂ ನಡುವೆ ಎತ್ತುತ್ತಾರೆಯೇ? ರಮ್ಯ ನಕ್ಕು ಒಪ್ಪಿಕೊಂಡಳು. ಅಜ್ಜಿಯ ಜೊತೆ ಈಗ ಸಣ್ಣ ವಿಷಯಕ್ಕೆ ಜಗಳವಾಡಲು ಅವಳಿಗೆ ಇಷ್ಟವಿರಲಿಲ್ಲ.

ಶುಕ್ರವಾರ ಮಧ್ಯಾಹ್ನದ ಹೊತ್ತಿಗೆ ಲ್ಯಾಪ್‌ಟಾಪು ಕೂಗತೊಡಗಿತು. ಅದೇನು ಸಾಮಾನ್ಯ ಕೂಗಲ್ಲ. ಮಹಡಿಯ ಬಾಡಿಗೆಯವರು ಇಳಿದುಬಂದು, ಇಷ್ಟು ಹೊತ್ತು ಏನು ರುಬ್ಬುತ್ತಿದ್ದೀರಿ, ಮನೆಯಲ್ಲಿ ಮದುವೆಯೇ ಎಂದು ವಿಚಾರಿಸಿದರು. ಒಳಗಿನ ಫ್ಯಾನು ಪೂರ್ತಿ ವೇಗದಲ್ಲಿ ತಿರುಗುತ್ತಿದೆಯೆಂದು ರಮ್ಯ ಹೇಳಿದಳು. ಕೀಲಿಗಳ ಮೇಲೆ ಬೆರಳಿಡಲಾಗದಷ್ಟು ಕಾವು. ಪರದೆಯ ಮೇಲೆ ಹೆಜ್ಜಾರ್ಲೆ ರೆಕ್ಕೆ ಬಿಚ್ಚಿಕೊಂಡು, ಕಾಲು ಮುಂದೆ ಚಾಚಿ, ನೀರಿಗೆ ಒಂದು ಮೊಳ ಮೇಲೆ ನಿಂತುಬಿಟ್ಟಿತ್ತು. ಸಂಜೆ ನಾನು ಮತ್ತೆ ಬಂದಾಗಲೂ ಅಲ್ಲೇ ಇತ್ತು. ಶನಿವಾರ ಬೆಳಿಗ್ಗೆ ಅಮ್ಮ ಹಲ್ಲುಜ್ಜುತ್ತ ಬಂದು ನೋಡಿ, "ಆ ಕೊಕ್ಕರೆ ಇನ್ನೂ ಇಳೀಲಿಲ್ವಾ?" ಎಂದಳು.

ಚಿಕಿತ್ಸೆ ಶುರುವಾಯಿತು. ನೀಲಕ್ಕ ಟೇಬಲ್ ಫ್ಯಾನು ತಂದು ಪಕ್ಕಕ್ಕಿಟ್ಟಳು. ಭಾವ ಒಂದು ಮಾತೂ ಆಡದೆ ಒದ್ದೆ ಟವಲನ್ನು ಹಿಂಡಿ ಮೇಜಿನ ಕಾಲಿಗೆ ಸುತ್ತಿದರು. ಅಮ್ಮ ಮೆಣಸಿನಕಾಯಿ, ಉಪ್ಪು ನಿವಾಳಿಸಿ ಒಲೆಗೆ ಹಾಕಿ, ನಾಗೇಶನ ಕಣ್ಣೇ ಬಿದ್ದಿರುವುದು, ಒಂದಿಷ್ಟೂ ಘಾಟು ಬರಲಿಲ್ಲ ಎಂದಳು. ಅಷ್ಟರಲ್ಲಿ ನಾಗೇಶನೇ ಬಂದ. ಬಂದವನು ಕುರ್ಚಿ ಎಳೆದುಕೊಂಡು ಕೂತು, ಹೆಜ್ಜಾರ್ಲೆಯನ್ನು ತುಂಬ ಹೊತ್ತು ನೋಡಿ, "ನಾನು ಒಂಬತ್ತು ಅಂದಿದ್ದೆ, ನಂದಣ್ಣ," ಎಂದ. ಅಷ್ಟೇ ಹೇಳಿದ್ದು. ಕಾಫಿ ಕುಡಿದು ಹೋಗುವಾಗ ಗೇಟಿನ ಹತ್ತಿರ ಮತ್ತೊಮ್ಮೆ ಹೇಳಿದ.

ಸುದ್ದಿ ಬೀದಿಗೆ ಹೋಯಿತು. ವಾಷಿಂಗ್ ಮಷೀನಿನವರು ನನ್ನ ಕಂಡೂ ಕಾಣದಂತೆ ದಾಟಿಹೋದರು. ಮೇಷ್ಟ್ರು ಮೂರಡಿ ಬಿಟ್ಟದ್ದು ತಪ್ಪಾಯಿತೇನೋ ಎಂದು ಯೋಚಿಸತೊಡಗಿದ್ದಾರೆಂದು ಚನ್ನಕೇಶವ ಹೇಳಿದ. ಸೊಸೆಯ ಕೈಯಿಂದ ಕೀಲಿ ವಾಪಸು ಬಂದಿತ್ತು. ಅವರ ಮಾತಿಗೆ ನಾನು ಅಂಜಲಿಲ್ಲ. ಆದರೆ ಶನಿವಾರ ಮಧ್ಯಾಹ್ನ ನೀಲಕ್ಕ ಬೀರುವಿನಿಂದ ಹಸಿರು ರೇಷ್ಮೆ ಸೀರೆಯನ್ನು ತೆಗೆದು, ಬುಧವಾರಕ್ಕೆಂದು ಹಗ್ಗದ ಮೇಲೆ ಗಾಳಿಗೆ ಹಾಕಿದಳು. ರಮ್ಯ ಅದನ್ನು ನೋಡಿ ಮತ್ತೆ ಪರದೆಯ ಕಡೆ ತಿರುಗಿದಳು. ಈ ಹುಡುಗಿಗೆ ನಾನು ಅನ್ಯಾಯ ಮಾಡಿದೆ, ಏಳು ಹಿಡಿದು ಒಂಬತ್ತು ಬಿಟ್ಟೆ, ಎಲ್ಲ ಆ ಮೆಟ್ರೋದ ಹುಡುಗರಿಂದ ಎಂದು ಅವರಿಗೆ ಮನಸ್ಸಿನಲ್ಲೇ ಶಾಪ ಹಾಕಿದೆ.

ಭಾನುವಾರ ಬೆಳಿಗ್ಗೆ ಎಲ್ಲರನ್ನೂ ಹೊರಡಿಸಿದೆ. ಹೆಚ್ಚಿನ ಹಣ ಎಷ್ಟಾದರೂ ಆಗಲಿ, ಏಳನ್ನು ಕೊಟ್ಟು ಒಂಬತ್ತನ್ನು ತರುವುದೆಂದು ನಿಶ್ಚಯ. ಕದಲಿಸಲು ಅಮ್ಮನ ಅಪ್ಪಣೆ ಪಡೆಯುವುದೇ ಒಂದು ಕೆಲಸವಾಯಿತು. ಕಡೆಗೆ ಅವಳೇ ಲ್ಯಾಪ್‌ಟಾಪನ್ನು ತಟ್ಟೆಯ ಸಮೇತ ಎತ್ತಿ, ಮಡಿಬಟ್ಟೆ ಹೊದಿಸಿ, ತೊಡೆಯ ಮೇಲಿಟ್ಟುಕೊಂಡು ನಾಗೇಶನ ಕಾರಿನಲ್ಲಿ ಕೂತಳು. ಹೆಬ್ಬಾಳದ ಫ್ಲೈಓವರಿನ ಮೇಲೆ ಕಾರು ನಿಂತಾಗ ಕೆಳಗಿನ ಕೆರೆ ನೋಡಿ, ಅಲ್ಲಿನ ಹಕ್ಕಿಗಳು ಚೆನ್ನಾಗಿಯೇ ಇಳಿಯುತ್ತಿವೆಯಲ್ಲ ಎಂದು ವ್ಯಥೆಪಟ್ಟಳು.

ರಿಯಾಜ್ ಅವರ ಅಂಗಡಿಯಲ್ಲಿ ಭಾನುವಾರದ ಜನ ತುಂಬಿದ್ದರು. ನನಗೂ ಅದೇ ಬೇಕಾಗಿತ್ತು. ನಂಬಿಕೊಂಡು ಬಂದವರಿಗೆ ಕಡಿಮೆ ನಂಬರು ಕೊಟ್ಟು ಸಾಗಹಾಕಿದ್ದೀರಿ, ಒಂದು ಹೆಣ್ಣುಮಗಳ ಭವಿಷ್ಯ ನೀರಿಗೆ ಒಂದು ಮೊಳ ಮೇಲೆ ನಿಂತಿದೆ, ತಿಳಿದ ಗಿರಾಕಿಗೇ ಹೀಗಾದರೆ ತಿಳಿಯದವರ ಗತಿಯೇನು ಎಂದು ಸುಮಾರು ಹೊತ್ತು ಮಾತಾಡಿದೆ. ಹಿಂದೆ ನಿಂತಿದ್ದ ಇಬ್ಬರು ಗಿರಾಕಿಗಳು ತಾವು ಹಿಡಿದಿದ್ದ ಪೆಟ್ಟಿಗೆಗಳನ್ನು ಮೆಲ್ಲಗೆ ಕೆಳಗಿಟ್ಟರು. ನಾಗೇಶ ಮೊದಲ ಸಲ ನನ್ನ ಪಕ್ಕ ನಿಂತು ತಲೆಯಾಡಿಸಿದ. ರಿಯಾಜ್ ಅವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಮಡಿಬಟ್ಟೆ ಸರಿಸಿ, ಲ್ಯಾಪ್‌ಟಾಪಿಗೊಮ್ಮೆ ಕೈಮುಗಿದು, ಎತ್ತಿ ಮಗುಚಿದರು.

ರಿಯಾಜ್ ಅವರು ಕನ್ನಡಕ ಹಾಕಿಕೊಂಡು, ಒಂದೊಂದೇ ಪದವಾಗಿ, ಎಲ್ಲರಿಗೂ ಕೇಳುವಂತೆ ಓದಿದರು: "ಕುಮಾರಿ ರಮ್ಯಳಿಗೆ ಸೋದರಮಾವನಾದ ಶ್ರೀ ನಂದಕುಮಾರ್, ಟೈಲ್ಸ್, ನಲ್ಲಿ ಮತ್ತು ಕಮೋಡುಗಳ ವ್ಯಾಪಾರಿಗಳು, ಯಲಹಂಕ, ಇವರ ಪ್ರೀತಿಯ ಕೊಡುಗೆ." ಫೋನ್ ನಂಬರನ್ನೂ ಬಿಡಲಿಲ್ಲ. ನಂತರ ಫಲಕದ ಅಂಚಿನಲ್ಲಿ ಉಳಿದಿದ್ದ ಒಂದು ಸೀಳಿನ ಮೇಲೆ ಬೆರಳಿಟ್ಟು, ಬೇಸರವಿಲ್ಲದೆಯೇ ಹೇಳಿದರು: "ಸಾರ್, ಇದು ಅದರ ಮೂಗು."

ಆ ಹೊತ್ತಿಗೆ ನನ್ನ ವಾಕ್ಯವನ್ನು ಯಾರಾದರೂ ಹೇಳಿ ಅಣಕಿಸಿದ್ದರೆ ಎಷ್ಟೋ ಚೆನ್ನಾಗಿತ್ತು. ನಾಗೇಶ ಕೂಡ ಹೇಳಲಿಲ್ಲ. ಎಲ್ಲರೂ ಅದನ್ನು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದುದು ಮುಖ ನೋಡಿದರೆ ಗೊತ್ತಾಗುತ್ತಿತ್ತು. ಊರಿಗೆಲ್ಲ ಉಸಿರಾಡಲು ಜಾಗ ಬಿಡಿ ಎಂದು ಸಾರಿ, ಮನೆಯ ಮಗಳ ಉಸಿರಿಗೇ ನನ್ನ ಹೆಸರು ಬಡಿದಿದ್ದೆ. ನನಗೆ ನಿಜವಾಗಿ ನಾಚಿಕೆಯಾಯಿತು. ಬಿಡಿಸಿಬಿಡಿ, ಈಗಲೇ ಬಿಡಿಸಿಬಿಡಿ ಎಂದೆ. ರಿಯಾಜ್ ಅವರು ಫಲಕದ ಸಂದಿಗೆ ಉಗುರು ಹಾಕಿ ನೋಡಿ, ಯಾವ ಅಂಟೆಂದು ಕೇಳಿದರು. ಗ್ರಾನೈಟಿನದೆಂದೆ. ಅವರೂ ಇತ್ತೀಚೆಗೆ ಮನೆ ಕಟ್ಟಿಸಿದವರು, ಅರ್ಥವಾಯಿತು.

"ನಿಮ್ಮ ಹೆಸರು ಬಿಡಲ್ಲ ಸಾರ್," ಎಂದರು. "ಮುಚ್ಚಳಾನೇ ಬಿಚ್ಚಬೇಕು."

ಒಂದೊಂದೇ ಸ್ಕ್ರೂ ತೆಗೆದು, ತಳದ ಮುಚ್ಚಳವನ್ನು ನನ್ನ ಹೆಸರಿನ ಸಮೇತ ಕಳಚಿದರು. ಅದೃಷ್ಟಕ್ಕೆ ಅಂಟು ಒಳಗಿನ ಫ್ಯಾನಿಗೆ ತಾಗಿರಲಿಲ್ಲ. ಹೊಸ ಮುಚ್ಚಳ ತರಿಸಿಕೊಡುತ್ತೇನೆ, ಅಲ್ಲಿಯವರೆಗೆ ಎರಡೂ ಕಡೆ ಅಡಿಗೆ ಏನಾದರೂ ಕೊಟ್ಟು, ಕೆಳಗೆ ಗಾಳಿಯಾಡುವಂತೆ ಕೂರಿಸಿ ಎಂದರು. ಕಳಚಿದ ಮುಚ್ಚಳವನ್ನು ನಾನು ಅಲ್ಲೇ ಕಸದ ಬುಟ್ಟಿಗೆ ಹಾಕಲು ಹೋದೆ. ಅಲ್ಲಿಯವರೆಗೂ ನನ್ನ ಜೊತೆ ಮಾತಾಡದಿದ್ದ ರಮ್ಯ ಕೈ ಚಾಚಿ, "ಎಸೀಬೇಡಿ ಮಾವ. ಇಲ್ಲಿ ಕೊಡಿ," ಎಂದಳು. ಕೊಟ್ಟೆ.

ನನ್ನ ಅಂಗಡಿಯಿಂದ ಎರಡು ಸ್ಯಾಂಪಲ್ ಟೈಲ್ಸ್ ತಂದು ಮೇಜಿನ ಮೇಲೆ ಜೋಡಿಸಿ, ಅವುಗಳ ಮೇಲೆ ಲ್ಯಾಪ್‌ಟಾಪನ್ನು ಕೂರಿಸಿದೆವು. ಯಾವ ಕಡೆ ಮುಖ ಮಾಡಬೇಕೆಂದು ಅಮ್ಮ ಈ ಸಲ ಹೇಳಲಿಲ್ಲ. ರಮ್ಯ ಗುಂಡಿ ಒತ್ತಿದಳು. ಫ್ಯಾನು ಸಣ್ಣಗೆ ಗುಂಯ್ ಎಂದಿತು, ಅಷ್ಟೆ. ನಾವೆಲ್ಲ ಪರದೆಯ ಮುಂದೆ ನೆಲದ ಮೇಲೆ ಕೂತೆವು. ನೋಡನೋಡುತ್ತಿದ್ದಂತೆ ಹೆಜ್ಜಾರ್ಲೆಯ ಕಾಲು ಒಂದಿಷ್ಟು ಕೆಳಗೆ ಬಂತು. "ಇಳೀತದೆ ಕಣ್ಲಾ," ಎಂದಳು ಅಮ್ಮ, ಉಸಿರು ಬಿಗಿಹಿಡಿದು. ಆಮೇಲೆ ರಮ್ಯ ನಮ್ಮನ್ನೆಲ್ಲ ಎಬ್ಬಿಸಿ ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡಳು. ಕೊನೆಯಲ್ಲಿ ಸ್ವಲ್ಪ ಬದಲಾಯಿಸುವುದಿದೆಯಂತೆ. ಸೋಮವಾರ ಹತ್ತು ಗಂಟೆಗೆಲ್ಲ ಚಿತ್ರ ಹೋಯಿತು.

ಮಂಗಳವಾರ ಸಂಜೆ ಸ್ಟುಡಿಯೋದಿಂದ ಫೋನು ಬಂತು. ನೀಲಕ್ಕ ಹಸಿರು ಸೀರೆಯನ್ನು ಮಡಿಚಿ ಬೀರುವಿಗಿಟ್ಟಳು. ಅಮ್ಮ ಚಿಕ್ಕಜಾಲದ ಜಮೀನನ್ನು ನೆನೆದು ಸ್ವಲ್ಪ ಹೊತ್ತು ಮಂಕಾಗಿದ್ದು, ಆಮೇಲೆ ಮೊಮ್ಮಗಳಿಗೆ ದೃಷ್ಟಿ ತೆಗೆದಳು. ಚಿತ್ರದ ಕೊನೆಯ ಭಾಗವೇ ಅವರಿಗೆ ಬಹಳ ಹಿಡಿಸಿತಂತೆ. ಅದೇನೆಂದು ನಾವು ಯಾರೂ ಕಂಡಿರಲಿಲ್ಲ. ನಾಗೇಶನೂ ಬಂದ ಮೇಲೆ ರಮ್ಯ ಅದನ್ನು ಟಿವಿಯಲ್ಲಿ ಹಾಕಿದಳು.

ಬೆಳಗಿನ ಕೆರೆ. ಹೆಜ್ಜಾರ್ಲೆ ದೂರದಿಂದ ಹಾರಿಬಂತು, ಕಾಲು ಚಾಚಿತು, ಇಳಿಯಿತು, ನೀರನ್ನು ಸೀಳಿಕೊಂಡು ದಡಕ್ಕೆ ಬಂತು. ದಡದಲ್ಲೊಂದು ಕಲ್ಲುಬೆಂಚು. ಬೆಂಚಿನ ಬೆನ್ನಿಗೆ ಒಬ್ಬಟ್ಟಿನಗಲದ ಒಂದು ಸ್ಟೀಲ್ ಫಲಕ. ಕುಮಾರಿ ರಮ್ಯಳಿಗೆ ಸೋದರಮಾವನಾದ ಶ್ರೀ ನಂದಕುಮಾರ್ ಎಂಬಲ್ಲಿಂದ ಹಿಡಿದು ಫೋನ್ ನಂಬರಿನವರೆಗೆ ಚನ್ನಕೇಶವನ ಅಕ್ಷರಗಳು ಇದ್ದ ಹಾಗೆಯೇ ಹೊಳೆಯುತ್ತಿದ್ದವು. ನನ್ನ ಎದೆ ತುಂಬಿಬಂತು. ಅಷ್ಟು ಮಾಡಿದ ಮೇಲೂ ಈ ಹುಡುಗಿ ನನ್ನ ಹೆಸರನ್ನು ಎಸೆಯಲಿಲ್ಲವಲ್ಲ ಎಂದುಕೊಂಡೆ. ಹೆಜ್ಜಾರ್ಲೆ ಬೆಂಚಿನ ಮೇಲೆ ಹಾರಿ ಕೂತು ರೆಕ್ಕೆ ಒದರಿತು. ಹನಿಗಳು ಬಿಸಿಲಿನಲ್ಲಿ ಮಿಂಚಿ ನಾಲ್ಕೂ ಕಡೆ ಚಿಮ್ಮಿದವು. ಹಾಗೇ ಅದು ಆರಾಮವಾಗಿ ಆ ಕಡೆ ತಿರುಗಿ, ಬಾಲ ಎತ್ತಿ, ಫಲಕದ ಮೇಲೆ ತನ್ನ ಕೊಡುಗೆಯನ್ನೂ ಕೊಟ್ಟು ಹಾರಿಹೋಯಿತು.

ಏಳನೇ ನಂಬರಿನ ಪ್ರೊಸೆಸರ್ ಅದರ ಒಂದೊಂದು ಹನಿಯನ್ನೂ ತಪ್ಪಿಲ್ಲದೆ ಲೆಕ್ಕ ಹಾಕಿತ್ತು. ಬಿಳಿಯ ಧಾರೆ ಶ್ರೀಯಿಂದ ಶುರುವಾಗಿ ಟೈಲ್ಸ್, ನಲ್ಲಿ, ಕಮೋಡುಗಳನ್ನು ದಾಟಿ ಯಲಹಂಕದವರೆಗೆ ನಿಧಾನವಾಗಿ ಇಳಿಯಿತು. ಫೋನ್ ನಂಬರು ಮಾತ್ರ ಚೆನ್ನಾಗಿ ಕಾಣುತ್ತಿದೆ ನಂದಣ್ಣ ಎಂದು ನಾಗೇಶ ಸಮಾಧಾನ ಹೇಳಿದ. ರಮ್ಯ ಉಗುರು ಕಚ್ಚುತ್ತ ನನ್ನ ಮುಖವನ್ನೇ ನೋಡುತ್ತಿದ್ದಳು. ನನ್ನ ಕಣ್ಣು ಒದ್ದೆಯಾಗಿತ್ತು. ಜೇಬಿನಿಂದ ಕರ್ಚೀಫು ತೆಗೆದೆ.

"ಬ್ಯಾಡ ಕಣ್ಲಾ," ಎಂದಳು ಅಮ್ಮ, ಟಿವಿಯಿಂದ ಕಣ್ಣು ತೆಗೆಯದೆ. "ಒರೆಸ್ಬ್ಯಾಡ. ಇಂಗೇ ಚಂದಾಗದೆ."